ಬೋರ್ಡಿಗೆ ಅಡ್ಡ ನಿಂತವನು

ಆ ಹಿಮದ ಇಳಿಜಾರು ಕುಸಿದಿತ್ತು, ಲವೀನಾ ಅವರೇ. ನಾವು ಅದರ ಬುಡದಿಂದ ಹಿಂತಿರುಗಿದ ದಿನವೇ, ಮಧ್ಯಾಹ್ನದ ಹೊತ್ತಿಗೆ, ಮೇಲಿಂದ ಕೆಳಗಿನವರೆಗೆ ಪೂರ್ತಿ ಕುಸಿದಿತ್ತು. ಅದು ನನಗೆ ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಚಹಾ ಕುಡಿಯುವಾಗಲೇ ಗೊತ್ತಾಯಿತು. ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಸುಮ್ಮನಿದ್ದಿದ್ದರೆ ಒಂದು ಮಾತು — ನಾನು ಸುಮ್ಮನೂ ಇರಲಿಲ್ಲ. ನಿಮ್ಮನ್ನು ನಾಟಕದ ಪಾತ್ರ ಮಾಡಿ, ಇದೇ ಕನ್ನಡ ಕೂಟದ ವೇದಿಕೆಗೆ ತಂದು, ತುಂಬಿದ ಸಭೆ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದೆ.

ಯುಗಾದಿ ಸಂಚಿಕೆಗೆ ಪ್ರತಿ ವರ್ಷ ನಾನು ಒಂದು ಹಾಸ್ಯ ಲೇಖನ ಬರೆಯುವುದು ವಾಡಿಕೆ. ಈ ವರ್ಷ ಸಂಪಾದಕರು ಕೇಳಿದಾಗ ಇದನ್ನು ಕೊಡುತ್ತೇನೆಂದೆ. ಓದುಗರು ಕ್ಷಮಿಸಬೇಕು, ಇದರಲ್ಲಿ ನಗು ಬಂದರೆ ಅದು ನನ್ನ ಮೇಲೆಯೇ ಬರಬೇಕು.

ಗೊತ್ತಿಲ್ಲದವರಿಗೆ ಮೊದಲು ನನ್ನ ಪರಿಚಯ. ನಾನು ಬಸವರಾಜ, ಬಾಗಲಕೋಟೆಯ ಕಡೆಯವನು, ವರ್ಜೀನಿಯಾದ ಹರ್ನ್‌ಡನ್‌ನಲ್ಲಿ ವಾಸ. ಸ್ಟ್ರಕ್ಚರಲ್ ಎಂಜಿನಿಯರ್. ಕಟ್ಟಡದ ಛಾವಣಿಯ ಮೇಲೆ ಎಷ್ಟು ಹಿಮ ಕೂತರೆ ತೊಲೆ ಬಾಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಹಿಮದ ಭಾರ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಕೂಟದಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ಆಗ ಜಂಬದಿಂದ ಹೇಳುತ್ತಿದ್ದೆ, ಈಗ ನಾಚಿಕೆಯಿಂದ ಹೇಳುತ್ತಿದ್ದೇನೆ.

ಲವೀನಾ ಉಡುಪಿಯ ಹತ್ತಿರದವರು, ಡಲ್ಲೆಸ್ ಟೋಲ್ ರೋಡಿನ ಪಕ್ಕದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ನಮ್ಮ ವಾಕಿಂಗ್ ಗುಂಪಿಗೆ ಅವರು ಸೇರಿದ ಮೇಲೆ ನಾನು ಅದನ್ನೂ ಆಡಿಕೊಂಡಿದ್ದೆ — ಬೆಟ್ಟ ಕಂಡರೂ ಇವರಿಗೆ ಬಗ್ ಕಾಣುತ್ತದೆ ಎಂದು. ಮೂರನೆಯವರು ಡಾಕ್ಟರ್ ಪಾಟೀಲರು, ಮಾರಿಸ್‌ವಿಲ್‌ನಲ್ಲಿರುವ ಅರಿವಳಿಕೆ ತಜ್ಞರು. ಅರವತ್ತರ ಹತ್ತಿರದ ವಯಸ್ಸು, ಇಪ್ಪತ್ತರ ಉತ್ಸಾಹ. ವರ್ಜೀನಿಯಾದ ಗುಡ್ಡಗಳನ್ನೆಲ್ಲ ಏರಿ ಮುಗಿಸಿದ ನಮಗೆ 2004ರ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪರ್ವತಗಳ ಹುಚ್ಚು ಹತ್ತಿತು. ಹತ್ತು ಗಂಟೆಯ ಡ್ರೈವ್, ಮೊಳಕಾಲುದ್ದ ಹಿಮ, ನಿಜವಾದ ಚಳಿಗಾಲ. ಒಂದು ಕಡಿದಾದ ಓಣಿಯಂಥ ಇಳಿಜಾರನ್ನು ಏರಿದರೆ ಶಿಖರದ ಅಂಚು. ಅಲ್ಲಿ ಕೂಟದ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುವುದು — ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ಪರ್ವತವಲ್ಲ, ಆ ಫೋಟೋ.

ಹೊರಡುವ ಹಿಂದಿನ ಭಾನುವಾರ ನಮ್ಮ ಮನೆಯಲ್ಲಿ ಊಟ. ನನ್ನ ಹೆಂಡತಿ ಸುಮಾ ಕಟಕ್ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಲವೀನಾ ಅವರೇ, ನೀವು ನೆಟ್ಟಗೆ ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದಿರಿ. ತಟ್ಟೆಗೆ ಸಕ್ಕರೆ ಹರಡಿ, ಅದರ ಮೇಲೆ ನಮ್ಮದೇ ರೊಟ್ಟಿ ಇಟ್ಟು ನಿಧಾನವಾಗಿ ಓರೆ ಮಾಡಿದಿರಿ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ರೊಟ್ಟಿ ಇಡಿಯಾಗಿ ಜಾರಿ ಡಾಕ್ಟರ ತೊಡೆಯ ಮೇಲೆ ಬಿತ್ತು. ಗಾಳಿ ಹಿಮವನ್ನು ಎತ್ತಿ ತಂದು ಗುಡ್ಡದ ಮರೆಯ ಬದಿಯಲ್ಲಿ ಗಟ್ಟಿಯಾಗಿ ತಟ್ಟಿ ಕೂರಿಸುತ್ತದೆ, ಕೆಳಗಿನ ಪದರ ಸಕ್ಕರೆಯಂತೆ ಸಡಿಲವಾಗಿದ್ದರೆ ಮೇಲೆ ಒಬ್ಬ ಮನುಷ್ಯ ಕಾಲಿಟ್ಟರೆ ಸಾಕು, ಇಡೀ ಇಳಿಜಾರು ಹಪ್ಪಳದಂತೆ ಒಡೆದು ಅವನನ್ನು ಹೊತ್ತುಕೊಂಡು ಹೋಗುತ್ತದೆ ಎಂದು ವಿವರಿಸಿದಿರಿ. ಇದನ್ನೆಲ್ಲ ಲೈಬ್ರರಿಯ ಪುಸ್ತಕಗಳಿಂದ ಓದಿಕೊಂಡಿದ್ದಿರಿ. ನಾನೂ ಡಾಕ್ಟರೂ ಸಕ್ಕರೆ ಅಂಟಿದ ಆ ರೊಟ್ಟಿಯನ್ನು ಹಂಚಿಕೊಂಡು ತಿಂದೆವು.

ಶನಿವಾರ ಬೆಳಿಗ್ಗೆ, ದಾರಿ ಶುರುವಾಗುವ ಪಾರ್ಕಿಂಗ್ ಜಾಗ. ಕೆಲಸ ಹಂಚಿಕೊಂಡಿದ್ದೆವು. ಎಲ್ಲರ ಎದೆಗೆ ಕಟ್ಟಿದ ಬೀಕನ್ ಸರಿಯಾಗಿ ಸದ್ದು ಕಳಿಸುತ್ತಿದೆಯೇ ನೋಡುವುದು ನಿಮ್ಮದು. ಯಾರಾದರೂ ಹಿಮದಡಿ ಹೂತುಹೋದರೆ ಉಳಿದವರು ಹುಡುಕುವುದು ಆ ಸದ್ದನ್ನು ಹಿಡಿದೇ. ಪರ್ವತ ಕಾಯುವ ರೇಂಜರುಗಳು ಬೋರ್ಡಿಗೆ ಹಚ್ಚಿದ ಅವತ್ತಿನ ಹಿಮಕುಸಿತದ ಬುಲೆಟಿನ್ ಓದಿ ಬಂದು ಎಲ್ಲರಿಗೂ ಹೇಳುವುದು ನನ್ನದು. ಬೋರ್ಡು ಇದ್ದದ್ದು ಮೂವತ್ತು ಹೆಜ್ಜೆ ಆಚೆ, ಗುಡಿಸಲಿನಂಥ ಒಂದು ಚಾವಣಿಯ ಕೆಳಗೆ.

ನಾನು ಓದಿದೆ. ಒಂದು ಸಲವಲ್ಲ, ಎರಡು ಸಲ. ಅಪಾಯದ ಐದು ಮೆಟ್ಟಿಲುಗಳಲ್ಲಿ ನಾವು ಏರಬೇಕಿದ್ದ ಇಳಿಜಾರು ಮೂರನೆಯದರಲ್ಲಿತ್ತು. ಗಾಳಿ ಹೊಸ ಹಿಮವನ್ನು ತಂದು ಪೇರಿಸುತ್ತಿದೆ, ಮನುಷ್ಯನ ಭಾರಕ್ಕೆ ಕುಸಿಯುವ ಸಂಭವ ಹೆಚ್ಚು, ಅನುಭವವಿಲ್ಲದವರು ಬೇರೆ ದಾರಿ ಹಿಡಿಯಲಿ ಎಂದು ಸರಳ ಇಂಗ್ಲಿಷಿನಲ್ಲಿ ಬರೆದಿತ್ತು. ಮೂರು ಎಂದರೆ ಐದರ ನಡುಮಧ್ಯ, ಜಸ್ಟ್ ಪಾಸ್ — ಪರೀಕ್ಷೆಯ ಲೆಕ್ಕದಲ್ಲಿ ಬೆಳೆದ ತಲೆಗೆ ಹೀಗೆ ಅನಿಸಿತು. ಮೂರರಲ್ಲೇ ಜನ ಹೆಚ್ಚು ಸಾಯುತ್ತಾರೆ ಎಂದು ನೀವು ರೊಟ್ಟಿ ಜಾರಿಸುವಾಗ ಹೇಳಿದ್ದು ನೆನಪಿರಲಿಲ್ಲವೆಂದಲ್ಲ.

ತಿರುಗಿ ಬಂದರೆ ಡಾಕ್ಟರು ವ್ಯಾನಿನ ಚಕ್ರದ ಮುಂದೆ ತೆಂಗಿನಕಾಯಿ ಒಡೆಯುತ್ತಿದ್ದರು. ಮಾರಿಸ್‌ವಿಲ್ ಗುಡಿಯ ಕುಂಕುಮ ನಮ್ಮೆಲ್ಲರ ಹಣೆಗೆ ಬಂತು, ನಿಮ್ಮ ಹಣೆಗೂ. ನೀವು ನಗುತ್ತ ಹಚ್ಚಿಸಿಕೊಂಡು ಆಮೇಲೆ ನಿಮ್ಮ ಪದ್ಧತಿಯಂತೆ ಶಿಲುಬೆಯ ಗುರುತು ಮಾಡಿಕೊಂಡಿರಿ. ನಮ್ಮ ಕಡೆ ಹೊರಡುವಾಗ "ಹೋಗ್ತೀನಿ" ಎಂದು ಕೂಡ ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನಬೇಕು. ಕಾಯಿ ಒಡೆದ ಮೇಲಂತೂ ಕೆಟ್ಟ ಮಾತು ಬಾಯಿಗೆ ಬರಲೇಬಾರದು. ಡಾಕ್ಟರು ಕಾಯಿಯ ಹೋಳನ್ನು ನನ್ನ ಕೈಗಿಟ್ಟು ಬೋರ್ಡಿನ ಕಡೆ ಹುಬ್ಬು ಹಾರಿಸಿದರು.

"ಎಲ್ಲಾ ಛಲೋ ಐತ್ರಿ," ಎಂದೆ.

ಅಪಶಕುನ ನುಡಿಯಬಾರದೆಂದು ಹಾಗೆ ಅಂದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ — ಬ್ಯಾನರ್ ನನ್ನ ಬ್ಯಾಗಿನಲ್ಲಿತ್ತು.

ಮೂರು ಗಂಟೆ ನಡೆದು ಆ ಇಳಿಜಾರಿನ ಬುಡಕ್ಕೆ ಬಂದೆವು. ಮುಂದೆ ನೀವಿದ್ದಿರಿ. ನಿಮ್ಮ ಬೂಟಿಗೆ ಕಟ್ಟಿದ ಅಗಲ ಸ್ನೋಶೂ ಕೆಳಗೆ ಹಿಮ 'ಧುಪ್' ಎಂದು ಸದ್ದು ಮಾಡಿ ಕುಸಿಯಿತು. ಆ ಸದ್ದು ನನ್ನ ಅಂಗಾಲಿಗೂ ತಟ್ಟಿತು. ನಿಮ್ಮ ಪಾದದಿಂದ ಹೊರಟ ಒಂದು ಬಿರುಕು ಆಳುದ್ದದ ದೂರ ಓಡಿ ನಿಂತಿತು. ನೀವು ಹಿಂದೆ ಸರಿದು ಸಲಿಕೆ ತೆಗೆದು ಸುರಕ್ಷಿತ ಜಾಗದಲ್ಲಿ ಹಿಮವನ್ನು ಸೊಂಟದಾಳ ಅಗೆದಿರಿ, ಹಿಮದ ಒಂದು ಕಂಬ ಕೊರೆದು ಅದರ ನೆತ್ತಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿದಿರಿ. ನಾಲ್ಕನೆಯ ಏಟಿಗೆ ಮೇಲಿನ ಗಟ್ಟಿ ಪದರ ರೊಟ್ಟಿಯಂತೆಯೇ ಜಾರಿ ನಿಮ್ಮ ಮಡಿಲಿಗೆ ಬಂತು. ನೀವು ನನ್ನ ಮುಖ ನೋಡಿದಿರಿ.

"ಬೋರ್ಡಲ್ಲಿ ಎಂತ ಬರೆದಿತ್ತು, ಬಸವರಾಜರೇ?"

ಆಗ ಹೇಳಬಹುದಿತ್ತು. ಕಾಯಿ, ಕುಂಕುಮ, ಶಕುನ ಎಲ್ಲ ಮೂರು ಗಂಟೆ ಹಿಂದೆ ಉಳಿದಿತ್ತು, ಅಲ್ಲಿ ಇದ್ದದ್ದು ಹಿಮ ಮತ್ತು ನಾವು ಮೂವರು. "ವಿಶೇಷ ಏನೂ ಇರಲಿಲ್ರಿ," ಎಂದೆ.

ನೀವು ವಾದ ಮಾಡಲಿಲ್ಲ. ಸಲಿಕೆ ಮಡಚಿ ಬ್ಯಾಗಿಗೆ ಹಾಕಿದಿರಿ. ಬೋರ್ಡಿನ ಬೆಂಬಲವಿಲ್ಲ, ನಮ್ಮಿಬ್ಬರ ಬೆಂಬಲವಿಲ್ಲ, ಇದ್ದದ್ದು ಮಡಿಲಿಗೆ ಜಾರಿದ ಆ ಹಿಮವೊಂದೇ. ಅಷ್ಟರ ಮೇಲೆ ನಿಂತು ಹೇಳಿದಿರಿ: "ನಾನು ಹಿಂದೆ ಹೋಗ್ತೇನೆ, ನೀವೂ ಬನ್ನಿ. ನೀವು ಹತ್ತಿದ್ರೆ ನಾನು ಇಲ್ಲಿ ನಿಂತು ನಿಮ್ಮನ್ನು ನೋಡ್ಬೇಕಾಗ್ತದೆ. ಅದು ನನ್ನಿಂದ ಆಗುದಿಲ್ಲ."

ಡಾಕ್ಟರು ಗೊಣಗಿದರು, ನಾನು ಇನ್ನೂ ಜೋರಾಗಿ ಗೊಣಗಿದೆ, ಆದರೂ ಬಂದೆವು. ಇಳಿಯುವಾಗ ನನಗೆ ಒಮ್ಮೆಲೇ ಬೋರ್ಡು ನೆನಪಾಯಿತು. ಬೆಳಿಗ್ಗೆ ನನ್ನ ಮಾತು ನಂಬಿ ನೀವು ಅದನ್ನು ಓದಿರಲಿಲ್ಲ, ಈಗ ಅದರ ಮುಂದೆಯೇ ಹಾದುಹೋಗಬೇಕಲ್ಲ! ದಾಪುಗಾಲು ಹಾಕಿ ಮುಂದೆ ಓಡಿದೆ. ಬೋರ್ಡಿಗೆ ಬೆನ್ನು ಕೊಟ್ಟು, ಬೆನ್ನ ಮೇಲಿನ ಬ್ಯಾಗು ಹಾಳೆಗೆ ಅಡ್ಡ ಬರುವಂತೆ ನಿಂತು, ಬೂಟಿನ ಲೇಸು ಬಿಗಿಯುವ ನಾಟಕ ಮಾಡಿದೆ. ಲೇಸು ಬಗ್ಗಿ ಕಟ್ಟುವುದು, ನಾನು ನಿಂತೇ ಇದ್ದೆ. ಐವತ್ತು ತುಂಬಿದ ಎಂಜಿನಿಯರ್, ಎರಡು ಮಕ್ಕಳ ತಂದೆ, ಕೂಟದ ಮಾಜಿ ಕಾರ್ಯದರ್ಶಿ — ಒಂದು ಕಾಗದಕ್ಕೆ ಅಡ್ಡ ನಿಂತಿದ್ದೆ. ನೀವು ನನ್ನತ್ತ ಒಮ್ಮೆ ನೋಡಿ ವ್ಯಾನಿನ ಕಡೆ ನಡೆದಿರಿ.

ಸೋಮವಾರ ಆಫೀಸಿನಲ್ಲಿ ರೇಂಜರುಗಳ ವೆಬ್‌ಸೈಟ್ ತೆರೆದೆ. ಏನೂ ಆಗಿಲ್ಲವೆಂದು ಓದಿ ನಿಮ್ಮನ್ನು ಇನ್ನಷ್ಟು ಕಾಡಿಸೋಣ ಎಂಬ ಆಸೆ. ಅಲ್ಲಿತ್ತು: ಶನಿವಾರ ಮಧ್ಯಾಹ್ನ ಇಳಿಜಾರು ತಾನಾಗಿಯೇ ಕುಸಿದು ಕಣಿವೆಯ ನೆಲದವರೆಗೆ ಹರಿದಿದೆ, ಯಾರೂ ಸಿಕ್ಕಿಕೊಂಡಿಲ್ಲ. ಕೆಳಗೆ ಇನ್ನೊಂದು ಸಾಲು. ಮೂವರ ಸ್ನೋಶೂ ಗುರುತುಗಳು ಬುಡದವರೆಗೆ ಬಂದು, ಅಲ್ಲೊಂದು ಗುಂಡಿ ಅಗೆದು, ಹಿಂತಿರುಗಿವೆ. ಅವುಗಳಲ್ಲಿ ಕೊನೆಯ ಕೆಲವು ಈಗ ಹಿಮದಡಿ ಇವೆ. ಅವರು ಯಾರೇ ಇರಲಿ, ಒಳ್ಳೆಯ ನಿರ್ಧಾರ.

ಆ ಹಾಳೆಯನ್ನು ಪ್ರಿಂಟ್ ಮಾಡಿದೆ. ನಾಲ್ಕಾಗಿ ಮಡಚಿ ಡ್ರಾಯರಿನ ತಳದಲ್ಲಿಟ್ಟೆ. ಒಂದು ಫೋನ್ ಮಾಡಲು ಎಷ್ಟು ಹೊತ್ತು? ಆದರೆ ಮಾಡಿದರೆ ಡಾಕ್ಟರು ಕೇಳುತ್ತಾರೆ, ಹಾಗಾದರೆ ಬೋರ್ಡಿನಲ್ಲಿ ಏನಿತ್ತು ಬಸಣ್ಣ, ಎಂದು. ಆ ಪ್ರಶ್ನೆಗೆ ಹೆದರಿ —

ಹೆದರಿದವನು ಏನು ಮಾಡುತ್ತಾನೆ? ಬೇರೆಯವರನ್ನು ಹೆದರುಪುಕ್ಕಲು ಎನ್ನುತ್ತಾನೆ. ಆ ಯುಗಾದಿಗೆ ನಾನು ಬರೆದ ನಾಟಕ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಹಿಮ ಕಂಡರೆ ಸಲಿಕೆ ಹಿಡಿದು ಬಾವಿ ತೋಡುವ, ರೊಟ್ಟಿ ಜಾರಿದರೆ ಊರು ಬಿಡುವ ಹೆಂಗಸು. ಆ ಪಾತ್ರ ಮಾಡಿದವನು ವಿನಯ, ಆಗಷ್ಟೇ ಬೆಂಗಳೂರಿನಿಂದ ಬಂದ ಹುಡುಗ, ತಲೆಗೆ ದುಪಟ್ಟಾ ಸುತ್ತಿಕೊಂಡು "ವಾಪಸ್ ಹೋಗುವ ಮಾರಾಯ್ರೆ" ಎಂದು ಹಿಮ್ಮುಖವಾಗಿ ನಡೆದದ್ದೇ ತಡ, ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೆಯ ಸಾಲಿನಲ್ಲಿ ನೀವು, ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ರಿಯಾ. ಅವಳೂ ಮೊದಲು ನಕ್ಕಳು. ಆಮೇಲೆ ನಿಮ್ಮ ಮುಖ ನೋಡಿದಳು, ನಗುವುದನ್ನು ನಿಲ್ಲಿಸಿದಳು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ.

ಆಮೇಲೆ ನೀವು ನಮ್ಮ ಗುಂಪಿನೊಂದಿಗೆ ನಡೆಯಲು ಬರಲಿಲ್ಲ. ಪ್ರತಿ ಚಳಿಗಾಲ ರಜೆ ಹಾಕಿ ಪಶ್ಚಿಮದ ಪರ್ವತಗಳಿಗೆ ಹೋಗಿ ಹಿಮಕುಸಿತದ ಕೋರ್ಸುಗಳನ್ನು ಮಾಡುತ್ತೀರಿ ಎಂದು ಸುಮಾ ಹೇಳುತ್ತಿದ್ದಳು. ಯಾರಾದರೂ ಹಿಮದ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಈ ಜನವರಿಯಲ್ಲಿ ವಿನಯ ಫೋನ್ ಮಾಡಿದ. ಈಗ ಅವನು ಜಾರ್ಜಿಯಾದ ಅಲ್ಫರೆಟಾದಲ್ಲಿದ್ದಾನೆ, ಮದುವೆಯಾಗಿದೆ. ಹೆಂಡತಿ ಶ್ರುತಿಯನ್ನು ಕರೆದುಕೊಂಡು ನ್ಯೂ ಹ್ಯಾಂಪ್‌ಶೈರ್‌ಗೆ ಹೋಗುತ್ತಾನಂತೆ. ಅದೇ ಇಳಿಜಾರು. "ಡೋಂಟ್ ವರಿ ಅಂಕಲ್, ನಾಟಕದ ಥರ ನಾವು ರಿವರ್ಸ್ ಹಾಕಲ್ಲ. ಅಲ್ಲಿ ಏನೂ ಆಗಲ್ಲ ಅಂತ ನೀವೇ ಬರೆದಿದ್ರಲ್ಲ," ಎಂದ.

ತಮಾಷೆಗೆ ಬರೆದದ್ದನ್ನು ಹುಡುಗ ದಾರಿಯ ನಕ್ಷೆ ಮಾಡಿಕೊಂಡಿದ್ದ. ಆದರೂ — ಇದನ್ನೂ ಹೇಳಿಬಿಡುತ್ತೇನೆ — ಅಂದು ನಾನು ಹೇಳಲಿಲ್ಲ. ಹುಷಾರು ಎಂದಷ್ಟೇ ಹೇಳಿ ಫೋನ್ ಇಟ್ಟೆ. ಮೂರನೆಯ ದಿನ ಡ್ರಾಯರಿನಿಂದ ಹಾಳೆ ತೆಗೆದು ಅವನಿಗೆ ಫೋನ್ ಮಾಡಿ ಅಕ್ಷರ ಬಿಡದೆ ಓದಿ ಹೇಳಿದೆ. ಅವನು, "ಮತ್ತೆ ನಾನು ದುಪಟ್ಟಾ ಹಾಕ್ಕೊಂಡು ಕುಣಿದಿದ್ದು ಏನಕ್ಕೆ ಅಂಕಲ್?" ಎಂದು ಕೇಳಿದ. ಇದನ್ನು ಲವೀನಾ ಅವರಿಗೆ ನಾನೇ ಹೇಳುತ್ತೇನೆ, ನೀನು ಅವರನ್ನು ಜೊತೆಗೆ ಕರೆದುಕೊಂಡು ಹೋಗು ಎಂದು ಬೇಡಿಕೊಂಡೆ.

ವಿನಯ ಕೇಳಿದ, ನೀವು ಒಪ್ಪಿದಿರಿ, ನಾನೂ ಡಾಕ್ಟರೂ ಜೊತೆ ಸೇರಿದೆವು. ಒಪ್ಪಿ ನಮ್ಮೆಲ್ಲರ ನೆಣ ಇಳಿಸಿದಿರಿ. ಎರಡು ಶನಿವಾರ ನಿಮ್ಮ ಟೌನ್‌ಹೌಸಿನ ಹಿಂದೆ, ಹಿಮವಿಲ್ಲದ ವರ್ಜೀನಿಯಾದಲ್ಲಿ, ಒಣ ಎಲೆಯ ರಾಶಿಯಡಿ ಬೀಕನ್ ಹೂತಿಟ್ಟು ನಮ್ಮ ಕೈಲಿ ಹುಡುಕಿಸಿದಿರಿ. ವಿನಯ, ಶ್ರುತಿ ಅದಕ್ಕಾಗಿಯೇ ಜಾರ್ಜಿಯಾದಿಂದ ಹಾರಿ ಬಂದರು. ನಾನು ಹದಿನೆಂಟು ನಿಮಿಷ ತೆಗೆದುಕೊಂಡಾಗ ಹಿಮದಡಿಯವನ ಪರವಾಗಿ "ಸತ್ತೆ" ಎಂದಷ್ಟೇ ಹೇಳಿ ಮತ್ತೆ ಹೂತಿರಿ. ಹತ್ತು ನಿಮಿಷದೊಳಗೆ ಬರುವವರೆಗೆ ಯಾರಿಗೂ ಊಟವಿಲ್ಲ. ಪಾಟೀಲ ಡಾಕ್ಟರು ಎಲೆಯಲ್ಲಿ ಮೊಣಕಾಲೂರಿ ತೆವಳುವುದನ್ನು ಪಕ್ಕದ ಮನೆಯ ಮುದುಕ ಕಿಟಕಿಯಿಂದ ನೋಡಿ ಕೈ ಬೀಸಿದ.

ಈ ಫೆಬ್ರವರಿಯಲ್ಲಿ ಅದೇ ಪಾರ್ಕಿಂಗ್ ಜಾಗ. ಡಾಕ್ಟರು ಕಾಯಿ ತೆಗೆದರು, ನೀವು ತಡೆದಿರಿ. ಮೊದಲು ಬುಲೆಟಿನ್, ಆಮೇಲೆ ಕಾಯಿ ಎಂದಿರಿ. ಐವರೂ ಬೋರ್ಡಿನ ಮುಂದೆ ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಸಾಲು ಗಟ್ಟಿಯಾಗಿ ಓದಿದೆವು. ಅವತ್ತು ಅಪಾಯ ಮೊದಲ ಮೆಟ್ಟಿಲಿನಲ್ಲಿತ್ತು. "ಇದೂ ಒಂದು ಮಂತ್ರನ ಬಿಡ್ರಿ," ಎಂದು ಡಾಕ್ಟರು ಕಾಯಿ ಒಡೆದರು.

ಇಳಿಜಾರಿನ ಬುಡದಲ್ಲಿ ನೀವು ಮತ್ತೆ ಗುಂಡಿ ತೋಡಿ ಮತ್ತೆ ಕಂಬ ಕೊರೆದಿರಿ. ಮೊದಲು ಬೆರಳಿನ ತುದಿಯಿಂದ, ಆಮೇಲೆ ಅಂಗೈಯಿಂದ, ಕೊನೆಗೆ ಮುಷ್ಟಿಯಿಂದ ಮೂವತ್ತು ಏಟು. ಕಂಬ ಅಲುಗಲಿಲ್ಲ. ಹಾಗಿದ್ದೂ ಗುಂಪಾಗಿ ಹತ್ತಬಾರದು, ಒಬ್ಬೊಬ್ಬರೇ, ಒಬ್ಬರು ಮೇಲಿನ ಬಂಡೆಯ ಮರೆ ಸೇರಿದ ಮೇಲೆ ಇನ್ನೊಬ್ಬರು, ಉಳಿದವರ ಕಣ್ಣು ಹತ್ತುವವರ ಮೇಲೆ. ವಿನಯ ಹೋದ. ಶ್ರುತಿ ಹೋದಳು. ಡಾಕ್ಟರು ಹೊರಟರು. ಕೆಳಗೆ ಉಳಿದದ್ದು ನೀವು ಮತ್ತು ನಾನು.

ಅಲ್ಲಿ ಹೇಳಿದೆ. ಬೋರ್ಡು, ಸೋಮವಾರ, ಹಾಳೆ, ನಾಟಕ — ಎಲ್ಲ. ನೀವು ನನ್ನ ಕಡೆ ತಿರುಗಲಿಲ್ಲ. ಡಾಕ್ಟರು ಇನ್ನೂ ಇಳಿಜಾರಿನ ನಡುವಿದ್ದರು, ನಿಮ್ಮ ಕಣ್ಣು ಅವರ ಮೇಲಿತ್ತು.

"ಗೊತ್ತುಂಟು," ಎಂದಿರಿ. "ಸೋಮವಾರ ನಾನೂ ಓದಿದ್ದೆ. ನೀವು ಬೋರ್ಡಿಗೆ ಅಡ್ಡ ನಿಂತದ್ದೂ ಗೊತ್ತುಂಟು."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟು ನಾಚಿಕೆಗೇಡಿ ನಾನು.

"ವಾಪಸ್ ಬಂದವಳೇ 'ನಾನು ಸರಿ' ಅಂದ್ರೆ ಅದಕ್ಕೂ ನಗ್ತಿದ್ರಿ. ಬೋರ್ಡು ಓದಿದವ್ರು ನೀವು. ನೀವೇ ಹೇಳ್ಬೇಕಿತ್ತು." ಡಾಕ್ಟರು ಬಂಡೆಯ ಮರೆ ಸೇರುವುದನ್ನು ನೋಡಿ ಆಮೇಲೆ ಮುಂದುವರಿಸಿದಿರಿ. "ಇಲ್ಲಿ ನನ್ನ ಕಿವಿಯಲ್ಲಿ ಹೇಳಿದ್ರೆ ಸಾಕಾಗುದಿಲ್ಲ. ಎಲ್ಲಿ ನಗಿಸಿದ್ರೋ ಅಲ್ಲಿ ಹೇಳಿ. ರಿಯಾ ಇರ್ತಾಳೆ." ನನ್ನ ಎದೆಯ ಬೀಕನ್ ಮೇಲಿನ ದೀಪ ಮಿನುಗುತ್ತಿದೆಯೇ ಎಂದು ಜಾಕೆಟ್ ಸರಿಸಿ ನೋಡಿದಿರಿ. "ಈಗ ನಿಮ್ಮ ಸರದಿ. ಹೋಗಿ. ನಾನು ನೋಡ್ತಾ ಇರ್ತೇನೆ."

ಆ ಇಳಿಜಾರನ್ನು ಹತ್ತಿದಷ್ಟು ಹೊತ್ತು ನನ್ನ ಬೆನ್ನಿಗೆ ನಿಮ್ಮ ಕಣ್ಣು ತಾಕುತ್ತಿತ್ತು. ನಾನು ಅವಮಾನ ಮಾಡಿದವರ ಕಣ್ಣು, ನಾನು ಜಾರಿದರೆ ಎಲ್ಲಿ ಅಗೆಯಬೇಕೆಂದು ಗುರುತು ಹಿಡಿದುಕೊಳ್ಳುತ್ತಿದ್ದ ಕಣ್ಣು. ನಾನು ಅತ್ತೆ. ಕೆನ್ನೆಯ ಮೇಲೆ ಕಣ್ಣೀರು ಹೆಪ್ಪುಗಟ್ಟಿ ಚರ್ಮ ಕಿತ್ತು ಬಂತು.

ಕೊನೆಯಲ್ಲಿ ನೀವು ಬಂದಿರಿ, ನಾವು ನಾಲ್ವರೂ ನಿಮ್ಮನ್ನು ನೋಡುತ್ತ ನಿಂತೆವು. ಅರ್ಧ ಗಂಟೆಗೆ ಶಿಖರದ ಅಂಚು! ಎಂಥ ಆಕಾಶ, ಎಂಥ ಬೆಳಕು! ನಾಲ್ಕು ದಿಕ್ಕಿಗೂ ಬಿಳಿ ಬೆಟ್ಟ, ನಿಂತವರನ್ನು ತಳ್ಳುವ ಗಾಳಿ, ಗಾಳಿಗೆ ಎದುರಾಗಿ ಕೂಗುತ್ತಿದ್ದ ಡಾಕ್ಟರು. ಸುಮಾ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಹಲಗೆಯಂತಾಗಿತ್ತು, ಕಂಕುಳಲ್ಲಿಟ್ಟು ಬಿಸಿ ಮಾಡಿ ತಿಂದೆವು. ವಿನಯ ನಿಮ್ಮ ಕಾಲು ಮುಟ್ಟಲು ಬಗ್ಗಿದ, ಗಾಳಿಗೆ ಆಯ ತಪ್ಪಿ ನಿಮ್ಮ ಬೂಟಿನ ಮೇಲೆಯೇ ಬಿದ್ದ. ನೀವು ನಕ್ಕಿರಿ. ನಾಲ್ಕು ವರ್ಷದ ನಂತರ ನಾನು ಕೇಳಿದ ನಿಮ್ಮ ನಗು. ಬ್ಯಾನರನ್ನು ನಾನು ತಂದಿರಲಿಲ್ಲ. ಈ ಗೆಲುವು ನಿಮ್ಮದು, ಮತ್ತು ಅದು ಈ ಫೆಬ್ರವರಿಯದಲ್ಲ. 2004ರಲ್ಲಿ ಇಬ್ಬರು ಗೊಣಗುವ ಗಂಡಸರನ್ನು ಹಿಂದಕ್ಕೆ ಕರೆತಂದಿರಲ್ಲ, ಅಂದೇ ಗೆದ್ದಿರಿ.

ನೀವು ಕ್ಷಮಿಸಿದ್ದೀರೋ ಇಲ್ಲವೋ ನನಗೆ ತಿಳಿಯದು. ನಾನು ಕೇಳಿಲ್ಲ, ಕೇಳುವ ಹಕ್ಕು ಇನ್ನೂ ಬಂದಿಲ್ಲ. ಯುಗಾದಿಯ ದಿನ ಅದೇ ವೇದಿಕೆಯಲ್ಲಿ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಒಂದು ಸ್ಟೀಲ್ ತಟ್ಟೆ, ಸಕ್ಕರೆ, ಸುಮಾ ಬಡಿದ ಒಂದು ರೊಟ್ಟಿ ತರುತ್ತೇನೆ. ಡ್ರಾಯರಿನ ಆ ಹಾಳೆಯನ್ನು ದೊಡ್ಡದಾಗಿ ಮಾಡಿಸಿ ಬೋರ್ಡಿಗೆ ಹಚ್ಚುತ್ತೇನೆ. ರಿಯಾ, ನೀನು ಮೂರನೆಯ ಸಾಲಿನಲ್ಲಿಯೇ ಕೂರು ಮಗಾ. ಈ ಸಲ ಬೋರ್ಡಿನ ಪಕ್ಕದಲ್ಲಿ ನಿಲ್ಲುತ್ತೇನೆ, ಅದರಲ್ಲಿ ಬರೆದದ್ದನ್ನೆಲ್ಲ ನಿನಗೆ ಕೇಳುವಂತೆ ಓದುತ್ತೇನೆ.